ಮೂರು ಕೂಗು, ಬರೀ ಹೆಸರು

ನನ್ನ ಕೆಲಸ ಕೂಗುವುದಾಗಿತ್ತು. ಸಂಬಳದ ಪಟ್ಟಿಯಲ್ಲಿ ದಲಾಯತ್ ಎಂದು ಬರೆದಿರುತ್ತಿತ್ತು. ನ್ಯಾಯಾಧೀಶರ ಮುಂದೆ ನಡೆದು ದಾರಿ ಬಿಡಿಸುವುದು, ಕಡತ ಹೊರುವುದು, ಮೇಜಿನ ಮೇಲೆ ನೀರಿಡುವುದು, ಎಲ್ಲವೂ ಅದರಲ್ಲಿ ಸೇರಿತ್ತು. ಆದರೆ ಜನರ ಪಾಲಿಗೆ ನಾನು ಬಿಳಿ ಬಟ್ಟೆ ತೊಟ್ಟು, ಎದೆಗೆ ಅಡ್ಡವಾಗಿ ಕೆಂಪು ಪಟ್ಟಿ ಹಾಕಿಕೊಂಡು, ಕೋರ್ಟಿನ ಬಾಗಿಲಲ್ಲಿ ನಿಂತು ಹೆಸರು ಕೂಗುವವನು. ಸಂತೆಯಲ್ಲಿ ಸಿಕ್ಕರೂ “ಓ, ಕೂಗೋ ಆಂಜಿನಪ್ಪ!” ಎನ್ನುತ್ತಿದ್ದರು. ನನ್ನ ಹೆಂಡತಿ ಲಕ್ಷ್ಮಮ್ಮನಿಗೆ ಈ ಹೆಸರು ಕೇಳಿದರೆ ಮೈಯೆಲ್ಲ ಉರಿಯುತ್ತಿತ್ತು. ನನಗೆ ಒಳಗೊಳಗೇ ಖುಷಿಯಾಗುತ್ತಿತ್ತು.

ಈಗ ಈ ಕೆಲಸಕ್ಕೆ ಡಿಗ್ರಿ ಮಾಡಿದ ಮಕ್ಕಳು ಬರುತ್ತಿದ್ದಾರೆ. ಬಾಗಿಲ ಪಕ್ಕದಲ್ಲಿ ಟಿವಿಯಂಥ ಪರದೆ ಬಂದಿದೆ, ಕೇಸಿನ ನಂಬರ್ ಅದರಲ್ಲಿ ಬರುತ್ತದೆ. ಕೆಲವು ಕಡೆ ಮೈಕೂ ಇದೆ. “ಅಣ್ಣ, ನಿಮ್ಮ ಕಾಲದಲ್ಲಿ ಹೆಂಗಿತ್ತು, ಬರೆದುಕೊಡಿ” ಎಂದು ಅವರೇ ಕೇಳಿದ್ದರಿಂದ ಬರೆಯುತ್ತಿದ್ದೇನೆ. ಬಡ್ತಿ, ಇನ್‌ಕ್ರಿಮೆಂಟುಗಳ ಪುರಾಣ ಬೇಡ. ನನಗೆ ಸಿಕ್ಕ ದೊಡ್ಡ ಬಡ್ತಿಯೆಂದರೆ ಬಾಗಿಲ ಪಕ್ಕ ಕೂತುಕೊಳ್ಳಲು ಕೊಟ್ಟ ಒಂದು ಸ್ಟೂಲು. ಅದರ ಒಂದು ಕಾಲು ಗಿಡ್ಡ ಇತ್ತು.

ಕೂಗುವುದನ್ನು ಕಲಿಸಿದವರು ದೊಡ್ಡಬಳ್ಳಾಪುರದಲ್ಲಿ ನನ್ನ ಮೇಲಧಿಕಾರಿಯಾಗಿದ್ದ ಶಿರಸ್ತೇದಾರ್ ನರಸಿಂಹಯ್ಯನವರು. ಊರು ತುಂಬ ಪವರ್‌ಲೂಮು. ಎಲ್ಲಿ ನಿಂತರೂ ಮಗ್ಗದ ಟಕಟಕ. ಮೊದಲನೇ ದಿನ ಆ ಸದ್ದಿನ ಮೇಲೆ ಕೇಳಿಸಲಿ ಎಂದು ಕಿರುಚಿ ಕಿರುಚಿ ಮಧ್ಯಾಹ್ನದ ಹೊತ್ತಿಗೆ ನನ್ನ ಗಂಟಲು ಕೂತುಹೋಯಿತು. ನರಸಿಂಹಯ್ಯನವರು ಕನ್ನಡಕದ ಮೇಲಿನಿಂದ ನೋಡಿ, “ಲೇ, ಮಗ್ಗದ ಜೊತೆ ಪೈಪೋಟಿಗೆ ನಿಂತ್ಕೋಬೇಡ ಕಣೋ, ಅದಕ್ಕೆ ಗಂಟ್ಲು ನೋಯಲ್ಲ. ಹೊಟ್ಟೆಯಿಂದ ಕೂಗು, ದಪ್ಪಗೆ ಕೂಗು” ಎಂದರು. ಒಂದು ಕಾಲು ಹೊಸ್ತಿಲ ಒಳಗೆ, ಒಂದು ಕಾಲು ಹೊರಗೆ ಇಟ್ಟುಕೊಂಡು ನಿಲ್ಲಿಸಿ ಕಲಿಸಿದರು. ಒಳಗಿರುವ ನ್ಯಾಯಾಧೀಶರಿಗೂ ಕೇಳಬೇಕು, ಹೊರಗೆ ಮರದ ಕೆಳಗೆ ಕೂತವರಿಗೂ ಕೇಳಬೇಕು. ಹೆಸರು, ಅಪ್ಪನ ಹೆಸರು ಇಲ್ಲವೇ ಗಂಡನ ಹೆಸರು, ಊರು. ಮೂರು ಸಲ. ಹಿಂದೆ ಶ್ರೀ ಇಲ್ಲ, ಮುಂದೆ ಅವರು ಇಲ್ಲ.

“ವಯಸ್ಸಾದೋರ್ನ ಹಂಗೆ ಕೂಗಕ್ಕೆ ನಾಲಿಗೆ ಬರಲ್ಲ ಸಾರ್” ಎಂದೆ.

“ಅದಕ್ಕೇ ಅಪ್ಪನ ಹೆಸರು ಸೇರಿಸಿ ಕೂಗೋದು. ಇಲ್ಲಿಗೆ ಬಂದೋರೆಲ್ಲಾ ಯಾರೋ ಒಬ್ಬರ ಮಕ್ಕಳು ಅಷ್ಟೇ” ಎಂದರು. ಅವರು ತಮಾಷೆಗೆ ಹೇಳಿದರೋ ನಿಜಕ್ಕೂ ಹೇಳಿದರೋ ಆಗ ಗೊತ್ತಾಗಲಿಲ್ಲ.

ಎಡವಟ್ಟುಗಳಿಗೇನೂ ಕಮ್ಮಿ ಇರಲಿಲ್ಲ. ಬಹಳ ವರ್ಷ ಎಳೆದ ಒಂದು ಪಾಲಿನ ದಾವೆಯಲ್ಲಿ ಪ್ರತಿವಾದಿಯ ಹೆಸರನ್ನು ಎರಡು ಸಲ ಕೂಗಿ ಮೂರನೆಯದಕ್ಕೆ ಉಸಿರೆಳೆದುಕೊಂಡೆ. ಹಿಂದಿನ ಬೆಂಚಿನಿಂದ ಒಬ್ಬ ಅಜ್ಜಿ, “ಅವರು ಹೋಗಿ ವರ್ಷಾಯ್ತು ಸ್ವಾಮಿ. ನೀವಿನ್ನೊಂದ್ಸಲ ಹಿಂಗೇ ಕೂಗಿದ್ರೆ ಎದ್ದು ಬಂದರೂ ಬಂದ್ಬಿಡ್ತಾರೆ, ಬ್ಯಾಡಿ” ಎಂದಳು. ನ್ಯಾಯಾಧೀಶರು ಕಡತದ ಹಿಂದೆ ಮುಖ ಮುಚ್ಚಿಕೊಂಡು ನಕ್ಕರು. ದೇವನಹಳ್ಳಿಯಲ್ಲಿ ವಿಮಾನ ತಲೆಯ ಮೇಲಿಂದ ದಾಟುವವರೆಗೂ ಬಾಯಿ ತೆರೆದುಕೊಂಡೇ ಕಾಯುವುದನ್ನು ಕಲಿತೆ. ಹೊಸಕೋಟೆಯಲ್ಲಿ ಲಾರಿಗಳ ಹಾರನ್ ನಿಲ್ಲುವವರೆಗೆ. ಹೀಗೆ ನಾಲ್ಕು ತಾಲ್ಲೂಕು ಸುತ್ತಿದೆ. ಆ ನಾಲ್ಕರಲ್ಲಿ ಯಾವುದೋ ಒಂದರಲ್ಲಿ ಗಿರಿಜಾ ಮೇಡಂ ನ್ಯಾಯಾಧೀಶರಾಗಿ ಬಂದರು. ಯಾವುದು ಎಂದು ಹೇಳುವುದಿಲ್ಲ.

ಮೇಡಂ ಕುಳ್ಳಗಿದ್ದರು. ಪೀಠದ ಕುರ್ಚಿಯಲ್ಲಿ ಕೂತರೆ ಕಾಲು ನೆಲಕ್ಕೆ ಎಟಕುತ್ತಿರಲಿಲ್ಲ, ನಾನೇ ಒಂದು ಮರದ ಮಣೆ ತಂದು ಇಟ್ಟೆ. ಮಾತು ಕಡಿಮೆ, ಕೋಪ ಅದಕ್ಕಿಂತ ಕಡಿಮೆ. ಆದರೆ ಮಹಾ ಬಿಗಿ. ಯಾರ ಮನೆಯ ಎಳನೀರೂ ಬೇಡ, ಯಾರ ತೋಟದ ದ್ರಾಕ್ಷಿಯೂ ಬೇಡ. ತಾಲ್ಲೂಕಿನಲ್ಲಿ ಒಂದು ಮದುವೆಗೆ ಹೋದವರಲ್ಲ, ಒಂದು ಗೃಹಪ್ರವೇಶಕ್ಕೆ ಹೋದವರಲ್ಲ. ಅಷ್ಟೇಕೆ, ನನ್ನ ಮಗಳ ಮದುವೆಗೂ ಬರಲಿಲ್ಲ! “ನಿಮ್ಮ ಬೀಗರ ಕಡೆಯವರು ಯಾರು, ಅವರ ಕೇಸು ಎಲ್ಲಿದೆ, ನಿಮಗೂ ಗೊತ್ತಿರಲ್ಲ, ನನಗೂ ಗೊತ್ತಿರಲ್ಲ ಆಂಜಿನಪ್ಪ. ಮಗು ಚೆನ್ನಾಗಿರಲಿ” ಎಂದರು. ಮದುವೆಯಾದ ಮೇಲೆ ಲಕ್ಷ್ಮಮ್ಮ ಒಬ್ಬಟ್ಟಿನ ಡಬ್ಬಿ ಕೊಟ್ಟು ಕಳಿಸಿದಳು. ಡಬ್ಬಿ ಮುಚ್ಚಳ ತೆಗೆಯದೆ ಹಾಗೇ ವಾಪಸು ಬಂತು. ಲಕ್ಷ್ಮಮ್ಮ ದೇವನಹಳ್ಳಿ ಪಕ್ಕದ ವಿಜಯಪುರದವಳು, ರೇಷ್ಮೆ ಬಿಚ್ಚಾಣಿಕೆಯ ಮನೆಯಲ್ಲಿ ಬೆಳೆದವಳು, ಎಳೆ ಹಿಡಿದರೆ ಬಿಡುವುದಿಲ್ಲ. “ಅದೇನು ನಮ್ಮನೆ ಒಬ್ಬಟ್ಟಲ್ಲಿ ಇಸಾ ಇತ್ತಾ?” ಎಂದು ತಿಂಗಳುಗಟ್ಟಲೆ ಕೇಳಿದಳು. ನನಗೂ ನೋವಾಗಿತ್ತು, ಸುಳ್ಳೇಕೆ ಹೇಳಲಿ.

ಆಗ ಬಂತು ಮುನಿತಾಯಮ್ಮನ ದಾವೆ. ಗಂಡ ಸತ್ತವಳು, ರಸ್ತೆ ಪಕ್ಕ ಒಂದು ತುಂಡು ರಾಗಿ ಹೊಲ. ಪಕ್ಕದಲ್ಲಿ ಲೇಔಟ್ ಮಾಡುತ್ತಿದ್ದ ಒಬ್ಬ ಮುಖಂಡರು ಆ ಹೊಲವನ್ನೂ ಸೇರಿಸಿ ಕಲ್ಲುಕಂಬ ನೆಟ್ಟು ಬೇಲಿ ಎಳೆದಿದ್ದರು. ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಕೋರ್ಟಿನಲ್ಲಿ ಮೂರು ಸಲ ಕೂಗಿದವನು ಕಾಗದದ ಮೇಲೆ ಹೆದರುತ್ತಿದ್ದೀಯಾ ಎಂದು ನೀವು ನಗಬಹುದು, ನಗಿ. ಆ ಹೊಲಕ್ಕೆ ಕಾಲಿಡಬಾರದೆಂದು ಮೇಡಂ ತಡೆಯಾಜ್ಞೆ ಕೊಟ್ಟರು. ಮುಖಂಡರ ಜನ ಅದರ ಮೇಲೇ ಜೆಸಿಬಿ ಬಿಟ್ಟರು. ಆದೇಶ ಮೀರಿದ್ದಕ್ಕೆ ಉತ್ತರ ಹೇಳಲು ಖುದ್ದು ಹಾಜರಾಗಿ ಎಂದು ಮೇಡಂ ಮುಖಂಡರಿಗೆ ವಾಯಿದೆ ಹಾಕಿದರು.

ಆ ದಿನ ಕೋರ್ಟಿನ ಮುಂದೆ ಜಾತ್ರೆಗಿಂತ ಹೆಚ್ಚು ಕಾರು. ಮುಖಂಡರು ಕಾರಿನೊಳಗೆ ಕೂತಿದ್ದರು. ಅವರ ಸರದಿ ಬಂತು. ನಾನು ಹೊಸ್ತಿಲಲ್ಲಿ ನಿಂತು, ನರಸಿಂಹಯ್ಯನವರನ್ನು ನೆನೆದು, ಹೊಟ್ಟೆಯಿಂದ ಕೂಗಿದೆ. ಹೆಸರು, ಅಪ್ಪನ ಹೆಸರು, ಊರು. ಆ ಕೂಗು ಬಸ್‌ಸ್ಟ್ಯಾಂಡಿನಲ್ಲಿ ಕೇಳಿಸಿತೆಂದು ಆಮೇಲೆ ಕಡಲೆಕಾಯಿ ಮಾರುವವನು ಹೇಳಿದ. ಹೊರಗಿದ್ದ ಗುಂಪು ಒಮ್ಮೆಲೇ ಮೇಲೆ ಬಿತ್ತು.

“ಯಾರ್ನೋ ಏಕವಚನದಲ್ಲಿ ಕೂಗ್ತಿದ್ದೀಯಾ? ನಮ್ಮಣ್ಣ ಕಣೋ ಅವರು!” ಎಂದು ಮುಂದೆ ಬಂದವನು ಫ್ಲೆಕ್ಸ್ ಅಂಗಡಿಯ ಮಂಜ. ಮುಖಂಡರ ಹುಟ್ಟುಹಬ್ಬದ ಫ್ಲೆಕ್ಸುಗಳನ್ನೆಲ್ಲ ಮಾಡುತ್ತಿದ್ದವನು ಅವನೇ. ನಾನು ಎರಡನೇ ಸಲ ಕೂಗಿದೆ. ಮೂರನೇ ಸಲವೂ ಕೂಗಿದೆ. ದನಿ ನಡುಗಲಿಲ್ಲ. ಮುಖಂಡರು ಕಾರಿನಿಂದ ಇಳಿಯದೆ ಹಾಗೇ ಹೊರಟುಹೋದರು.

ಸಂಜೆಯೊಳಗೆ ನನ್ನ ಕೂಗಿನ ವಿಡಿಯೊ ತಾಲ್ಲೂಕಿನ ಎಲ್ಲ ಫೋನಿಗೂ ಹರಿದಾಡಿತು. ‘ಅಣ್ಣನಿಗೆ ಕೋರ್ಟಿನಲ್ಲಿ ಅವಮಾನ’ ಎಂದು ತಲೆಬರಹ. ಆ ವಾರವೇ ಮುಖಂಡರು ಒಂದು ಸಭೆಯ ವೇದಿಕೆ ಮೇಲೆ ನಿಂತು, “ಆ ಹೆಣ್ಣುಮಗಳು ಯಾರ ಮಾತು ಕೇಳ್ಕೊಂಡು ಆರ್ಡರ್ ಬರೀತಾರೆ ಅಂತ ನಂಗೊತ್ತು. ಪೀಠದ ಮೇಲೆ ಕೂತ್ಕೊಂಡು ರಾಜಕೀಯ ಮಾಡೋದಾದ್ರೆ ಕೆಳಗೆ ಇಳಿದು ಬರ್ಲಿ, ಎಲೆಕ್ಷನ್‌ಗೆ ನಿಲ್ಲಲಿ” ಎಂದರು. ಚಪ್ಪಾಳೆ ಬಿತ್ತು. ಬೆನ್ನಿಗೇ ಒಂದು ಫೋಟೊ ಬಂತು. ಎದುರು ಪಕ್ಷದವರ ಮನೆಯ ಮದುವೆಯಲ್ಲಿ ಮೇಡಂ ಊಟಕ್ಕೆ ಕೂತಿದ್ದಾರಂತೆ. ಹಿಂದಿನಿಂದ ತೆಗೆದ ಚಿತ್ರ, ಯಾರೋ ಕುಳ್ಳಗಿನ ಹೆಂಗಸು.

ಆ ಫೋಟೊ ನೋಡಿ ನನಗೆ ನಗು ತಡೆಯಲಾಗಲಿಲ್ಲ. ನನ್ನ ಮಗಳ ಮದುವೆಗೆ ಬಾರದ ಪುಣ್ಯಾತ್ಗಿತ್ತಿ ಅವರ ಮನೆ ಮದುವೆಗೆ ಹೋಗಿ ಉಂಡರಂತೆ! ಹೋಟೆಲಿನಲ್ಲಿ ಕಾಫಿ ಕುಡಿಯುತ್ತಾ ಅದನ್ನೇ ಹೇಳಿದೆ. ಕೆಲವರು ನಂಬಿದರು, ಕೆಲವರು “ನೀನು ಅವರ ಅನ್ನ ತಿಂತೀಯ, ಹಂಗೇ ಅಂತೀಯ” ಎಂದರು. ನಾನೆಲ್ಲಿ ತಿಂದೆ, ಅವರೂ ನಮ್ಮದನ್ನು ತಿಂದಿರಲಿಲ್ಲ. ಮನೆಗೆ ಬಂದು ಲಕ್ಷ್ಮಮ್ಮನಿಗೂ ಫೋಟೊ ತೋರಿಸಿದೆ. ಅವಳು ಸುಮಾರು ಹೊತ್ತು ನೋಡಿ, “ಇಂಥ ಮಾತು ಬರುತ್ತೆ ಅಂತಾನೇನಾ ಅವರು ಡಬ್ಬಿ ವಾಪಸ್ ಕಳ್ಸಿದ್ದು?” ಎಂದಳು. ಒಬ್ಬಟ್ಟಿನ ಮಾತು ಅಂದಿಗೆ ನಿಂತಿತು.

ಮೇಡಂ ಮಾತ್ರ ಏನೂ ಆಗದವರ ಹಾಗೆ ಹತ್ತೂವರೆಗೆ ಬಂದು ಕೂರುತ್ತಿದ್ದರು. ಒಂದು ದಿನ ತಡೆಯಲಾರದೆ, “ಮೇಡಂ, ಒಂದ್ಮಾತು ಹೇಳ್ಬಿಡಿ. ಪೇಪರ್‌ನವರು ಗೇಟಲ್ಲೇ ಇದ್ದಾರೆ. ಆ ಮದ್ವೆಗೆ ನಾನು ಹೋಗಿಲ್ಲ ಅಂತ ಅಂದ್ರೆ ಮುಗೀತು” ಎಂದೆ.

“ಇವತ್ತು ಮದುವೆಗೆ ಹೋಗಿಲ್ಲ ಅಂತೀನಿ. ನಾಳೆ ಇನ್ನೊಂದು ಫೋಟೊ ಬರುತ್ತೆ. ಆಮೇಲೆ ನಾನು ದಿನಾ ಗೇಟಲ್ಲೇ ನಿಂತಿರ್ಬೇಕಾಗುತ್ತೆ. ಒಳಗೆ ಕೇಸು ಯಾರು ಕೇಳ್ತಾರೆ?” ಎಂದರು. ಅವರ ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. ನನ್ನ ಅಕ್ಕನೋ ತಂಗಿಯೋ ಹಾಗೆ ಕೂತಿದ್ದರೆ ಎಷ್ಟು ಸಂಕಟವಾಗುತ್ತಿತ್ತೋ ಅಷ್ಟೇ ಸಂಕಟವಾಯಿತು.

ಮುಂದಿನ ವಾಯಿದೆಗೆ ಮೊದಲು ಮುಖಂಡರ ಕಡೆಯ ವಕೀಲರು ನನ್ನ ಬಳಿ ಬಂದರು. ಸಜ್ಜನರೇ. “ಆಂಜಿನಪ್ಪ, ಅವರು ಈ ಸಲ ಬರ್ತಾರೆ, ನಾನು ಒಪ್ಪಿಸಿದ್ದೀನಿ. ಆದ್ರೆ ಒಂದು ಶ್ರೀಯುತ, ಒಂದು ಅವರು, ಎರಡು ಮಾತು ಸೇರಿಸ್ಬಿಡು. ಜನರ ಮುಂದೆ ಅವರ ಮರ್ಯಾದೆ ಪ್ರಶ್ನೆ” ಎಂದರು. ಕಚೇರಿಯಲ್ಲಿ ಎಲ್ಲರೂ, ಸೇರಿಸು ಮಾರಾಯ, ನಿನ್ನ ಗಂಟೇನು ಹೋಗುತ್ತೆ ಎಂದರು. ನನಗೂ ಹೌದೆನ್ನಿಸಿತು. ಎರಡು ಮಾತಿನಲ್ಲಿ ಗಲಾಟೆ ತಣ್ಣಗಾಗುವುದಾದರೆ ಯಾಕೆ ಬೇಡ? ಆದರೂ ಕೇಳದೆ ಮಾಡುವುದು ಹೇಗೆ ಎಂದು ಮೇಡಂ ಹತ್ತಿರ ಹೋಗಿ ವಿಷಯ ಇಟ್ಟೆ.

ಮೇಡಂ ಪೆನ್ನು ಕೆಳಗಿಟ್ಟು ಯೋಚಿಸಿದರು. “ಸೇರಿಸಿ” ಎಂದರು. ನಾನು ಬದುಕಿದೆ ಎಂದು ತಿರುಗುವಷ್ಟರಲ್ಲಿ, “ಆದ್ರೆ ಎಲ್ಲರಿಗೂ ಸೇರಿಸಿ. ಅವತ್ತಿನ ಪಟ್ಟಿಯಲ್ಲಿ ಇರೋರಿಗೆಲ್ಲಾ” ಎಂದರು.

ನಮ್ಮ ಕೋರ್ಟು ಸಿವಿಲ್ಲೂ ಹೌದು, ಕ್ರಿಮಿನಲ್ಲೂ ಹೌದು. ಆ ದಿನ ಬೆಳಿಗ್ಗೆ ಮೊದಲ ಕೂಗು ಸರಗಳ್ಳನದು. ಪೊಲೀಸರು ಕೈಹಿಡಿದು ತಂದಿದ್ದರು. ನಾನು ಎದೆಯುಬ್ಬಿಸಿ, “ಶ್ರೀಯುತ ರವಿಯವರು!” ಎಂದು ಕೂಗಿದೆ. ಪೇದೆ ಬೆಚ್ಚಿ ಅವನ ಕೈ ಬಿಟ್ಟುಬಿಟ್ಟ. ಸರಗಳ್ಳ ಅತ್ತಿತ್ತ ನೋಡಿ ಅಂಗಿ ಸರಿಮಾಡಿಕೊಂಡು ಒಳಗೆ ಹೋದ. ಆಮೇಲೆ ಕೋಳಿಪಂದ್ಯದಲ್ಲಿ ಸಿಕ್ಕಿಬಿದ್ದವರು, ಒಬ್ಬೊಬ್ಬರೂ ಶ್ರೀಯುತರು. ಕುಡಿದು ಬೈಕು ಓಡಿಸಿದವನನ್ನು ‘ಅವರು’ ಎಂದಾಗ ಅವನ ಹೆಂಡತಿಯೇ ಮೊದಲು ಕಿಸಕ್ಕೆಂದಳು. ಕೋರ್ಟ್ ಹಾಲ್‌ನಲ್ಲಿ ನಗು ಅಲೆಯಾಗಿ ಏಳುತ್ತಿತ್ತು. ಮೇಡಂ ಮುಖದ ಒಂದು ನರವೂ ಅಲುಗಲಿಲ್ಲ.

ಮುನಿತಾಯಮ್ಮನ ದಾವೆ ಬಂತು. “ಶ್ರೀಮತಿ ಮುನಿತಾಯಮ್ಮನವರು!” ಎಂದು ಕೂಗಿದೆ. ಯಾರೂ ಏಳಲಿಲ್ಲ. ಇನ್ನೊಮ್ಮೆ ಕೂಗಿದೆ. ಮುದುಕಿ ಎದುರಿಗೇ ಗೋಡೆಗೊರಗಿ ಕೂತು ನನ್ನನ್ನೇ ನೋಡುತ್ತಿದ್ದಾಳೆ! ಮೂರನೆಯದಕ್ಕೂ ಬಾರದಿದ್ದರೆ ದಾವೆಯೇ ಹೋಗುತ್ತದೆ ಎಂದು ನನಗೆ ಬೆವರು. ಎಲ್ಲ ಬಿಟ್ಟು, “ಮುನಿತಾಯಮ್ಮ!” ಎಂದೆ. ಥಟ್ಟನೆ ಎದ್ದು ಬಂದಳು. “ಯಾರೋ ದೊಡ್ಡೋರ್ನ ಕರೀತಾವ್ರೆ ಅಂತ ಕೂತಿದ್ದೆ ಕಣಪ್ಪಾ. ನನ್ನ ಕರೆಯೋದಾದ್ರೆ ನನ್ನ ಹೆಸರು ಕೂಗು” ಎಂದಳು.

ಆ ಹೊತ್ತಿಗೆ ಮುಖಂಡರು ನಿಜವಾಗಿಯೂ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದರು. ಸರಗಳ್ಳ, ಕೋಳಿಪಂದ್ಯದವರು ಎಲ್ಲರಿಗೂ ಸಿಕ್ಕ ಮರ್ಯಾದೆಯನ್ನು ಕಿವಿಯಾರೆ ಕೇಳಿದ್ದರು. ತಮ್ಮ ಸರದಿಗೆ ಮೊದಲು ವಕೀಲರ ಕಿವಿಯಲ್ಲಿ ಏನೋ ಹೇಳಿದರು. ವಕೀಲರು ಎದ್ದು, ನೆಲ ನೋಡುತ್ತಾ, “ಹಳೇ ಪದ್ಧತಿಯೇ ಇರಲಿ, ನಮ್ಮ ಅಭ್ಯಂತರ ಇಲ್ಲ” ಎಂದರು. “ಹಾಗೇ ಆಗಲಿ” ಎಂದರು ಮೇಡಂ. ನಾನು ಮುಖಂಡರ ಬರೀ ಹೆಸರನ್ನು ಒಂದೇ ಸಲ ಕೂಗಿದೆ. ಬಂದು ನಿಂತರು. ಬೇಲಿ ಕಿತ್ತು ಹೊಲವನ್ನು ಮೊದಲಿದ್ದಂತೆ ಬಿಟ್ಟುಕೊಡಬೇಕು, ಇಲ್ಲದಿದ್ದರೆ ಆಸ್ತಿ ಜಪ್ತಿ ಎಂದು ಆದೇಶವಾಯಿತು.

ಮಾರನೆಯ ದಿನ ಗೇಟಿನ ಮುಂದೆ ಗುಂಪು, ಬಾವುಟ, ಧಿಕ್ಕಾರ. ನಾನು ಹೊಸ್ತಿಲಲ್ಲಿ ನಿಂತು ಯಾರನ್ನೋ ಕೂಗುತ್ತಿದ್ದೆ. ಪಕ್ಕದ ಕಿಟಕಿಯ ಗಾಜು ಒಡೆದು ಕಲ್ಲು ಒಳಗೆ ಉರುಳಿತು. ಗಾಜಿನ ಚೂರೊಂದು ನನ್ನ ಹಣೆಗೆ ತಾಗಿ ರಕ್ತ ಬಂತು. ಎಲ್ಲರೂ ಎದ್ದು ನಿಂತರು. ಮೇಡಂ ಪೀಠದಿಂದ ಇಳಿದು ಬಂದು ತಮ್ಮ ಕರವಸ್ತ್ರ ಕೊಟ್ಟು, “ಒತ್ತಿ ಹಿಡ್ಕೊಳ್ಳಿ, ಆಸ್ಪತ್ರೆಗೆ ಹೋಗಿ” ಎಂದರು. ನನಗೆಲ್ಲಿತ್ತೋ ಆ ಹಟ, ಹೋಗುವುದಿಲ್ಲ ಎಂದೆ. ಅವರು ವಾಪಸು ಹತ್ತಿ ಕೂತು, “ಮುಂದಿನ ಕೇಸು ಕೂಗಿ” ಎಂದರು. ಒಂದು ಕೈಯಲ್ಲಿ ಹಣೆ ಒತ್ತಿಕೊಂಡು ಕೂಗಿದೆ. ಅಷ್ಟು ಚೆನ್ನಾಗಿ ನಾನು ಯಾವತ್ತೂ ಕೂಗಿರಲಿಲ್ಲ.

ಪೊಲೀಸರು ಹಿಡಿದದ್ದು ಫ್ಲೆಕ್ಸ್ ಮಂಜನನ್ನು. ಬೇಸಿಗೆಯಲ್ಲಿ ಮೇಡಂಗೆ ವರ್ಗವಾಯಿತು. ಅವಧಿ ಮುಗಿದಿತ್ತು, ಆಗಲೇಬೇಕಿತ್ತು. ಆದರೂ ಮುಖಂಡರ ಕಡೆಯವರು ‘ನಮ್ಮಣ್ಣನೇ ಎತ್ತಂಗಡಿ ಮಾಡಿಸಿದ್ದು’ ಎಂದು ಪಟಾಕಿ ಹೊಡೆದರು. ಮೇಡಂ ಅದಕ್ಕೂ ಉತ್ತರ ಕೊಡಲಿಲ್ಲ. ಹೋಗುವ ದಿನ ಕಾಲು ಮಣೆ ಕೈಯಲ್ಲಿ ಹಿಡಿದು, “ಇದು ಸರ್ಕಾರದ್ದಾ, ನಿಮ್ಮದಾ?” ಎಂದು ಕೇಳಿದರು. ನಮ್ಮ ಮನೆಯದು ಎಂದೆ. ಒರೆಸಿ ನನ್ನ ಕೈಗೆ ವಾಪಸು ಕೊಟ್ಟರು. ಮೇಲಿನ ಕೋರ್ಟು ಅವರ ಆದೇಶವನ್ನು ಎತ್ತಿಹಿಡಿಯಿತು. ಮುನಿತಾಯಮ್ಮ ಸಾಯುವವರೆಗೂ ಆ ಹೊಲದಲ್ಲಿ ರಾಗಿ ಬೆಳೆದಳು.

ಕಲ್ಲಿನ ಕೇಸು ಮಾತ್ರ ವರ್ಷಗಟ್ಟಲೆ ನಡೆಯಿತು. ಮುಖಂಡರು ಅಷ್ಟರಲ್ಲಿ ಪಕ್ಷ ಬದಲಿಸಿ ಮಂಜನ ಫೋನು ಎತ್ತುವುದನ್ನು ಬಿಟ್ಟಿದ್ದರು. ಅವನು ಪ್ರತಿ ವಾಯಿದೆಗೂ ಅಂಗಡಿ ಮುಚ್ಚಿ ಬಂದು ನಿಲ್ಲುತ್ತಿದ್ದ. ನನ್ನ ಹಣೆಯ ಗಾಯದ ಗೆರೆ ಕಂಡಾಗ ಮುಖ ತಿರುಗಿಸುತ್ತಿದ್ದ. ನನಗೆ ಅವನ ಮೇಲೆ ಕರುಣೆ ಇರಲಿಲ್ಲ, ಅವನಿಗೆ ಶಿಕ್ಷೆಯಾಗಲಿ ಎಂದೇ ಇತ್ತು. ಕೊನೆಗೆ ಮೇಡಂಗೂ ಸಾಕ್ಷಿಯೆಂದು ಸಮನ್ಸ್ ಹೋಯಿತು. ನನ್ನ ನಿವೃತ್ತಿಗೆ ಕೆಲವೇ ದಿನ ಉಳಿದಿತ್ತು.

ಮೇಡಂ ಆಗ ಬೇರೆ ಕಡೆ ಜಿಲ್ಲಾ ನ್ಯಾಯಾಧೀಶರು. ತಲೆ ನೆರೆತಿತ್ತು. ಪೀಠದಲ್ಲಿದ್ದ ಯುವ ನ್ಯಾಯಾಧೀಶರು ತಮ್ಮ ಕೊಠಡಿಯಲ್ಲಿ ಕೂರಿ ಎಂದು ಹೇಳಿಕಳಿಸಿದರೂ ಬರದೆ, ವರಾಂಡದ ಬೆಂಚಿನಲ್ಲಿ ಕಕ್ಷಿದಾರರ ನಡುವೆ ಕೂತರು. ಕೇಸು ಬಂತು. ನಾನು ಹೊಸ್ತಿಲಲ್ಲಿ ನಿಂತೆ. ಹೆಸರು ಹೊರಡುತ್ತಿಲ್ಲ! ಬರೀ ‘ಗಿರಿಜಾ’ ಎನ್ನುವುದು ಹೇಗೆ? ಹೇಗೋ ಮೆಲ್ಲಗೆ ಒಂದು ಸಲ ಅಂದೆ. ಮೇಡಂ ಅಲುಗಲಿಲ್ಲ. ಎರಡನೇ ಸಲ ಇನ್ನೂ ಮೆಲ್ಲಗೆ ಬಂತು. ಬೇರೆಲ್ಲೋ ನೋಡುತ್ತಾ ಕೂತೇ ಇದ್ದರು. ಆಗ ಅರ್ಥವಾಯಿತು. ಉಸಿರೆಳೆದು, ಹೆಸರು, ಅಪ್ಪನ ಹೆಸರು, ಊರು, ಹೊಟ್ಟೆಯಿಂದ ಕೂಗಿದೆ. ಸೀರೆಯ ನೆರಿಗೆ ಸರಿಮಾಡಿಕೊಂಡು ಎದ್ದು ಬಂದರು. ಪಕ್ಕದಲ್ಲಿ ಹಾದುಹೋಗುವಾಗ, “ಈಗ ಕೇಳಿಸ್ತು” ಎಂದರು.

ಸಾಕ್ಷಿಯ ಕಟಕಟೆಯಲ್ಲಿ ನಿಂತ ಮೇಡಂಗೆ ಸರ್ಕಾರಿ ವಕೀಲರು ಮಂಜನನ್ನು ತೋರಿಸಿ, ಕಲ್ಲು ಹೊಡೆದವನು ಇವನೇ ತಾನೆ ಎಂದು ಕೇಳಿದರು.

“ಕಲ್ಲು ಒಳಗೆ ಬಂದದ್ದನ್ನ ನೋಡಿದೆ. ಎಸೆದ ಕೈಯನ್ನ ನೋಡಲಿಲ್ಲ.”

“ಇವನು ಗುಂಪಿನಲ್ಲಿ ಇದ್ದನಲ್ಲ?”

“ಇದ್ದರು. ಕಲ್ಲು ಬಂದಾಗ ಕಿಟಕಿಯಲ್ಲಿ ಕಂಡರು, ಎರಡೂ ಕೈಯಲ್ಲಿ ಬಾವುಟದ ಕೋಲು ಹಿಡಿದಿದ್ದರು. ನಾನು ನೋಡಿದ್ದು ಅಷ್ಟೇ.”

ನನಗೆ ಹೊಟ್ಟೆ ಉರಿಯಿತು. ತಮ್ಮ ಹೆಸರಿಗೆ ಮಸಿ ಬಳಿದವರ ಕಡೆಯವನು, ಒಂದು ಹೌದು ಅಂದಿದ್ದರೆ ಮುಗಿಯುತ್ತಿತ್ತು. ಮಂಜ ಆರೋಪಿಗಳ ಕಟಕಟೆಯ ಕಂಬಿ ಹಿಡಿದುಕೊಂಡು ಮಗುವಿನ ಹಾಗೆ ಅತ್ತ. ಅದನ್ನು ನೋಡಿ ನನ್ನ ಉರಿ ಎಲ್ಲಿಗೆ ಹೋಯಿತೋ ಗೊತ್ತಾಗಲಿಲ್ಲ. ಹೊರಗೆ ಮೇಡಂಗೆ, “ಮನೆ ಇಲ್ಲೇ ಹತ್ತಿರ, ಬಂದು ಹೋಗಿ” ಎಂದೆ. “ತೀರ್ಪು ಆಗ್ಲಿ. ಈ ಕೇಸಲ್ಲಿ ನೀವೂ ಸಾಕ್ಷಿ, ನಾನೂ ಸಾಕ್ಷಿ” ಎಂದು ಕಾರು ಹತ್ತಿದರು.

ಮಂಜ ಬಿಡುಗಡೆಯಾದ. ನಾನು ನಿವೃತ್ತನಾದೆ. ಬೀಳ್ಕೊಡುಗೆಗೆ ಮಂಜ ಒಂದು ಫ್ಲೆಕ್ಸು ಮಾಡಿ ತಂದು ಗೇಟಿಗೆ ಕಟ್ಟಿದ್ದ. ನನ್ನ ಹೆಸರಿನ ಹಿಂದೆ ಶ್ರೀಯುತವೂ ಇತ್ತು, ಮುಂದೆ ಅವರೂ ಇತ್ತು. ಬಿಚ್ಚಿಸಿ ಮನೆಗೆ ತಂದೆ, ಈಗ ಸೌದೆಯ ಮೇಲೆ ಹೊದಿಸಿದ್ದೇನೆ.

ಆಮೇಲೆ ಒಂದು ಭಾನುವಾರ ಜಡಿಗೇನಹಳ್ಳಿ ಕಡೆಯ ನಮ್ಮೂರ ಮನೆಯಲ್ಲಿ ಹಿತ್ತಲಲ್ಲಿ ಅವರೆ ಸುಲಿಯುತ್ತಾ ಕೂತಿದ್ದೆ. ಬೀದಿಯಲ್ಲಿ ಕಾರು ನಿಂತ ಸದ್ದು. ಗೇಟಿನ ಹತ್ತಿರ ಯಾರೋ ಗಂಟಲು ಸರಿಮಾಡಿಕೊಂಡರು.

“ಆಂಜಿನಪ್ಪ! ಆಂಜಿನಪ್ಪ! ಆಂಜಿನಪ್ಪ!”

ಹೊಟ್ಟೆಯಿಂದ ಬಂದ ದಪ್ಪ ಕೂಗು. ಬೀದಿಯ ನಾಯಿಗಳೆಲ್ಲ ಬೊಗಳಿದವು. ಆಯಸ್ಸೆಲ್ಲ ಊರವರನ್ನು ಕೂಗಿದವನನ್ನು ಯಾರೂ ಹೀಗೆ ಕೂಗಿರಲಿಲ್ಲ. ಅವರೆಕಾಯಿ ಚೆಲ್ಲಿಕೊಂಡು ಎದ್ದು ಓಡಿದೆ.

“ಇದ್ದೀನಿ ಮೇಡಂ!”

“ತೀರ್ಪು ಆಯ್ತಲ್ಲ” ಎಂದು ಚಪ್ಪಲಿ ಬಿಡುತ್ತಾ ಒಳಗೆ ಇಣುಕಿದರು. “ಲಕ್ಷ್ಮಮ್ಮ ಎಲ್ಲಿ? ಆ ಒಬ್ಬಟ್ಟು ತಿನ್ನೋಣ ಅಂತ ಬಂದೆ.”